ಮುಕ್ಕಾಲು ನಿಮಿಷದ ಮೀನು

ನಮ್ಮ ಮನೆಯಲ್ಲಿ ಮೀನಿನ ವಿಷಯಕ್ಕೆ ಒಂದು ಸಂವಿಧಾನ ಉಂಟು. ಬರೆದವರು ಅಮ್ಮ. ತಿದ್ದುಪಡಿಗೆ ಅವಕಾಶವಿಲ್ಲ. ಸೋಮವಾರ ಮೀನಿಲ್ಲ, ಸಂಕ್ರಮಣಕ್ಕೆ ಮೀನಿಲ್ಲ, ಉಳಿದ ದಿನ ಮೀನಿಲ್ಲದೆ ಊಟವಿಲ್ಲ. ಬಂಗುಡೆಗೆ ಪುಳಿಮುಂಚಿ, ಅಂಜಲ್‌ಗೆ ತವಾ ಫ್ರೈ, ಕಾಣೆಗೆ ರವೆ. ಬೂತಾಯಿ ಮಾತ್ರ ಹೇಗೆ ಮಾಡಿದರೂ ಮುನಿಸಿಕೊಳ್ಳುವುದಿಲ್ಲ. ಇವೆಲ್ಲ ಉಪನಿಯಮಗಳು. ಮೂಲ ವಿಧಿ ಒಂದೇ: ಮೀನು ಬೆಂದಿರಬೇಕು. ಬೆಂದಿತೋ ಇಲ್ಲವೋ ಎಂದು ಅನುಮಾನ ಬಂದರೆ ಇನ್ನೂ ಐದು ನಿಮಿಷ. ಅನುಮಾನ ಬರದಿದ್ದರೆ, ಯಾಕೆ ಬರಲಿಲ್ಲ ಎಂದು ಇನ್ನೂ ಎರಡು ನಿಮಿಷ.

ಇಂಥ ಮನೆಯಲ್ಲಿ ಹುಟ್ಟಿ, ಇದೇ ಮೀನು ಉಂಡು, ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸಿ ನಿವೃತ್ತನಾದ ನಾನು, ಒಂದು ಸಂಜೆ ಚಾ ಕುಡಿಯುವ ಹೊತ್ತಿಗೆ ಒಂದು ಪ್ರಕಟಣೆ ಹೊರಡಿಸಿದೆ. ಕೇದರ್ ಮೀನಿನ ದಪ್ಪ ತುಂಡಿಗೆ ತರಿತರಿ ಕುಟ್ಟಿದ ಮಸಾಲೆ ಒತ್ತಿ, ಕೆಂಡದಂತೆ ಕಾದ ಕಬ್ಬಿಣದ ಮೇಲೆ ಒಂದೊಂದು ಬದಿ ಮುಕ್ಕಾಲು ನಿಮಿಷ ಇಟ್ಟು, ಹೊರಗೆ ಕಪ್ಪಾಗಿ ಒಳಗೆ ಇನ್ನೂ ಕೆಂಪಗೆ ಹಸಿಯಾಗಿರುವಾಗಲೇ ಇಳಿಸಿ, ಕೊಯ್ದು, ಒಂದು ಸಾಸ್ ಜೊತೆ ಬಡಿಸುತ್ತೇನೆ ಎಂದು.

ಹೆಂಡತಿ ಕೇಳಿದಳು: "ಯಾಕೆ, ಗ್ಯಾಸ್ ಮುಗೀತಾ?"

ಅಮ್ಮ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದ್ದು ಅದಕ್ಕಿಂತ ಚಿಕ್ಕದು: "ಯಾರಿಗೆ?"

ಅಡುಗೆಮನೆಯಲ್ಲಿ ನನ್ನ ಸ್ಥಾನಮಾನ ಏನೆಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅನ್ನಕ್ಕಿಡುವುದು, ಕಾಯಿ ತುರಿಯುವುದು, ನೀರುಳ್ಳಿ ಹೆಚ್ಚುವುದು, ಇಂಥ ಗುಮಾಸ್ತಗಿರಿಗೆ ನಾನು ಕೈ ಹಾಕುವವನಲ್ಲ. ಹೆಸರು ಹೇಳಿದ ಕೂಡಲೇ ಎದುರಿನವರು "ಹಾಗಂದ್ರೆ ಎಂತ?" ಎಂದು ಕೇಳಬೇಕು, ಆಗಲೇ ನನಗೆ ಒಲೆ ಹಚ್ಚುವ ಹುರುಪು. ಹೆಂಡತಿಯ ಲೆಕ್ಕದಲ್ಲಿ ನಾನು ಅಡುಗೆ ಮಾಡುವ ದಿನ ತೊಳೆಯುವ ಪಾತ್ರೆ ದುಪ್ಪಟ್ಟು, ಮಾತು ನಾಲ್ಕು ಪಟ್ಟು, ಊಟ ಅರ್ಧ. ಅವಳು ಲೆಕ್ಕದ ಟೀಚರ್ ಆಗಿದ್ದವಳು. ತಕರಾರು ಮಾಡಿ ಪ್ರಯೋಜನವಿಲ್ಲ.

ಟ್ಯೂನಾ ಎಂದು ದೊಡ್ಡ ಹೋಟೆಲುಗಳಲ್ಲಿ ಮೆತ್ತಗೆ ಉಚ್ಚರಿಸುವ ಮೀನು ಮಂಗಳೂರಿನ ದಕ್ಕೆಯಲ್ಲಿ ಕೇದರ್. ಅಂಜಲ್, ಪಾಂಪ್ಲೆಟ್‌ಗಳ ಸಾಲಿನಲ್ಲಿ ಅದಕ್ಕೆ ಬಡ ನೆಂಟನ ಜಾಗ. "ಅದರಲ್ಲಿ ರಕ್ತ ಜಾಸ್ತಿ" ಎಂಬುದು ಹಿರಿಯರ ದೂರು. ದೂರು ಸುಳ್ಳಲ್ಲ. ಕೇದರ್ ಜಾತಿಯ ಮೀನು ಹುಟ್ಟಿದ ಲಾಗಾಯ್ತು ಈಜುತ್ತಲೇ ಇರಬೇಕು. ನಿಂತಲ್ಲೇ ನಿಂತು ಕಿವಿರಿಗೆ ನೀರು ಹಾಯಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಬಾಯಿ ತೆರೆದುಕೊಂಡು ಮುಂದೆ ಮುಂದೆ ಹೋಗುತ್ತಿದ್ದರೆ ಮಾತ್ರ ಉಸಿರಾಟ. ಈ ದುಡಿಮೆಗೆ ಬೇಕಾದ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಮಾಂಸದ ತುಂಬ ಇರುವುದರಿಂದ ಆ ಕೆಂಪು. ದುಡಿದು ಹುಟ್ಟಿದ ಬಿಸಿ ಕಿವಿರಿನ ಮೂಲಕ ಸಮುದ್ರದ ಪಾಲಾಗದಂತೆ ರಕ್ತನಾಳಗಳು ಜಾಲದ ಹಾಗೆ ಹೆಣೆದುಕೊಂಡಿರುತ್ತವೆ. ಹಾಗಾಗಿ ಅದರ ಮೈ ಸುತ್ತಲಿನ ನೀರಿಗಿಂತ ಬೆಚ್ಚಗೆ. ಇದನ್ನೆಲ್ಲ ನಾನು ಬಸಳೆ ಹೆಚ್ಚುತ್ತಿದ್ದ ಹೆಂಡತಿಗೆ ಕೈ ಆಡಿಸಿ ವಿವರಿಸಿದೆ.

"ಒಂದು ಗಳಿಗೆ ಕೂತುಕೊಳ್ಳದೆ ಓಡಾಡಿ ಓಡಾಡಿ ಮೈ ಬಿಸಿಯಾದ ಜೀವ ಈ ಮನೆಯಲ್ಲೂ ಒಂದುಂಟು" ಎಂದಳು. "ಅದರ ಬಗ್ಗೆ ಯಾರೂ ಇಷ್ಟು ಓದಿದ್ದು ಗೊತ್ತಿಲ್ಲ. ಆ ಬುಟ್ಟಿ ಇತ್ತ ಕೊಡಿ."

ಬುಟ್ಟಿ ಕೊಟ್ಟು ಅಮ್ಮನ ಕಡೆ ತಿರುಗಿದೆ. ಇದು ಕೊಚ್ಚಿಯ ಅಡುಗೆ ಎಂದೆ. ಈಗ ಟೀವಿಯ ಧ್ವನಿ ಇಳಿಯಿತು.

"ಕೊಚ್ಚಿಯವರು ಮೀನು ಬೇಯಿಸದೆ ತಿನ್ನುದಾ? ಯಾವಾಗಿಂದ?" ಅಮ್ಮನ ತಮ್ಮ ಎರ್ನಾಕುಲಂನಲ್ಲಿ ಬಹಳ ಕಾಲ ಕೆಲಸದಲ್ಲಿದ್ದವರು. ಆ ಊರಿನ ಮೀನಿನ ಸಾರಿಗೆ ಎಷ್ಟು ಕುಡಂಪುಳಿ ಎಂಬುದೂ ಅಮ್ಮನಿಗೆ ಗೊತ್ತು.

ಇದು ಆ ಕೊಚ್ಚಿಯಲ್ಲ, ಜಪಾನಿನ ಕೊಚ್ಚಿ. ಶಿಕೋಕು ದ್ವೀಪದ ದಕ್ಷಿಣ ಕರಾವಳಿಯ ಪ್ರಾಂತ್ಯ, ಹಳೆಯ ಹೆಸರು ತೋಸಾ ಎಂದೆ. ಅಲ್ಲಿ ಕತ್ಸುವೊ ಎಂಬ ಕೇದರನ್ನು ಒಣಹುಲ್ಲಿನ ಜ್ವಾಲೆಯಲ್ಲಿ ಹೊರಗಿನಿಂದಷ್ಟೇ ಸುಟ್ಟು, ದಪ್ಪಕ್ಕೆ ಕೊಯ್ದು ತಿನ್ನುತ್ತಾರೆ. ತತಾಕಿ ಎನ್ನುತ್ತಾರೆ. ಅದರ ಬಗ್ಗೆ ಅಲ್ಲೊಂದು ಕತೆ ಉಂಟು. 1601ರಲ್ಲಿ ಯಮೌಚಿ ಕಜುತೊಯೊ ಎಂಬ ದೊರೆ ತೋಸಾಕ್ಕೆ ಬಂದನಂತೆ. ಹಸಿ ಮೀನು ತಿಂದು ಜನರ ಹೊಟ್ಟೆ ಕೆಡುತ್ತದೆಂದು ಹಸಿ ಕತ್ಸುವೊ ತಿನ್ನಬಾರದೆಂದು ಆಜ್ಞೆ ಹೊರಡಿಸಿದನಂತೆ. ಜನ ಏನು ಮಾಡಿದರು? ಹೊರಮೈ ಮಾತ್ರ ಸುಟ್ಟು, "ಇದು ಸುಟ್ಟ ಮೀನು ಸ್ವಾಮಿ" ಎಂದು ತೋರಿಸಿ ಒಳಗಿನ ಹಸಿಯನ್ನು ನೆಮ್ಮದಿಯಾಗಿ ತಿಂದರಂತೆ. ನಿಜವೋ ಕಟ್ಟುಕತೆಯೋ, ಸರ್ಕಾರಿ ನೌಕರಿ ಮಾಡಿದವನಿಗೆ ಈ ಅಡುಗೆಯ ಮರ್ಮ ತಕ್ಷಣ ತಿಳಿಯುತ್ತದೆ. ಮಳೆಗಾಲದ ಮುಂಚೆ ನಮ್ಮಲ್ಲಿ ಹಾಕುವ ರಸ್ತೆಯೂ ಇದೇ ಪಾಕ: ಮೇಲೆ ಡಾಂಬರು, ಅಡಿಯಲ್ಲಿ ಕೆಸರು, ಪರಿಶೀಲನೆಗೆ ಬಂದವರಿಗೆ ಕಾಣುವುದು ಕಪ್ಪು.

ಅಮ್ಮನಿಗೆ ಕತೆಯ ಕೊನೆಯ ಭಾಗವನ್ನು ಹೇಳಲಿಲ್ಲ. ನನಗೆ ಉಪಾಯ ಹೊಳೆದದ್ದೇ ಅಲ್ಲಿ. ಅವರಿಗೂ ಹೊರಗಿನ ಕಪ್ಪು ತೋರಿಸಿದರೆ ಸಾಕಲ್ಲ! ನಮ್ಮ ಮನೆಯ ದೊರೆಗೆ ಹೋದ ವರ್ಷವಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿತ್ತು ಎಂಬುದೊಂದೇ ತೊಡಕು.

ಭಾನುವಾರ ಬೆಳಿಗ್ಗೆ ದಕ್ಕೆಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಹುರುಪಿನಲ್ಲಿದ್ದ ಕಾಲ. ಅಮ್ಮನ ಕಾಲದಿಂದಲೂ ನಮಗೆ ಮೀನು ಕೊಡುವ ಅಕ್ಕ ಒಬ್ಬರಿದ್ದಾರೆ. ನಮ್ಮ ಮನೆಯಲ್ಲಿ ಯಾರಿಗೆ ಯಾವ ಮೀನು ಆಗುವುದಿಲ್ಲ, ಯಾರಿಗೆ ಮುಳ್ಳು ಚುಚ್ಚಿತ್ತು, ಯಾವ ಮದುವೆಗೆ ಎಷ್ಟು ಕಿಲೋ ಅಂಜಲ್ ಹೋಯಿತು, ಎಲ್ಲ ಅವರಿಗೆ ಬಾಯಿಪಾಠ.

"ಕೇದರ್ ನಿಮಗೆ ಎಂತಕ್ಕೆ ಅಣ್ಣ? ಪುಳಿಮುಂಚಿಗಾ?"

"ಅಲ್ಲ ಅಕ್ಕ, ಸ್ವಲ್ಪವೇ ಸುಟ್ಟು ತಿನ್ಲಿಕ್ಕೆ. ಒಳಗೆ ಹಸಿ ಇರ್ತದೆ."

ಅವರು ಕತ್ತಿ ಕೆಳಗಿಟ್ಟರು. ಪಕ್ಕದ ಬುಟ್ಟಿಯವರೂ ಕೆಲಸ ನಿಲ್ಲಿಸಿದರು. ಮೌನ ಜಾಸ್ತಿಯಾಯಿತು ಅನ್ನಿಸಿ ನಾನು ಅಂತಾರಾಷ್ಟ್ರೀಯ ಮಾಹಿತಿ ಒದಗಿಸಿದೆ: 2019ರ ಜನವರಿಯಲ್ಲಿ ಟೋಕಿಯೊದ ತೊಯೊಸು ಮಾರುಕಟ್ಟೆಯಲ್ಲಿ, ಹೊಸ ವರ್ಷದ ಮೊದಲ ಹರಾಜಿನಲ್ಲಿ, 278 ಕಿಲೋ ತೂಕದ ಒಂದೇ ಒಂದು ಬ್ಲೂಫಿನ್ ಟ್ಯೂನಾ 33.36 ಕೋಟಿ ಯೆನ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಮೇಲೆ. ಹಸಿ ತಿನ್ನಲಿಕ್ಕೆ!

"ಒಂದು ಮೀನಿಗೆ?"

"ಒಂದೇ ಮೀನಿಗೆ."

ಅಕ್ಕ ತಮ್ಮ ಬುಟ್ಟಿಯನ್ನು ಒಮ್ಮೆ ನೋಡಿದರು. "ಹಾಗಾದ್ರೆ ನೀವು ಇಪ್ಪತ್ತು ಕೋಟಿ ತನ್ನಿ, ನಾನು ಹಸಿಯೇ ಕೊಡ್ತೇನೆ. ಅಷ್ಟು ಇಲ್ಲದಿದ್ರೆ ಬೇಯಿಸಿ ತಿನ್ನಿ. ನನ್ನ ಮೀನು ತಾಜಾ ಉಂಟು, ಐಸಿನಲ್ಲೇ ಬಂದದ್ದು. ಆದ್ರೆ ಹಸಿ ತಿನ್ನುವ ಮೀನಿನ ಲೆಕ್ಕವೇ ಬೇರೆ ಅಣ್ಣ. ನಾಳೆ ನಿಮಗೆ ಎಂತಾದ್ರೂ ಆದ್ರೆ ಅಮ್ಮನಿಗೆ ನಾನು ಮುಖ ತೋರಿಸ್ಬೇಕಲ್ಲ."

ದುಡ್ಡು ಕೊಟ್ಟರೂ ಮೀನು ಕೊಡದ ಅನುಭವ ನನಗೆ ಹೊಸದು. ಆದರೆ ಅವರ ಮಾತಿನ ಹಿಂದೆ ಗಟ್ಟಿ ಕಾರಣ ಉಂಟು. ಕೇದರಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಧಾರಾಳ. ಹಿಡಿದ ಮೇಲೆ ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರ ಮುಖ ಕೆಂಪೇರಿ, ತಲೆನೋವು, ತುರಿಕೆ ಶುರು. ಇದರ ಕೆಟ್ಟ ಗುಣವೆಂದರೆ ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ. ಅಂದರೆ ಅಮ್ಮನ ಹೆಚ್ಚುವರಿ ಐದು ನಿಮಿಷಕ್ಕೂ ಅದು ಬಗ್ಗುವುದಿಲ್ಲ. ಬಲೆಯಿಂದ ತಟ್ಟೆಯವರೆಗೆ ಐಸು ಬಿಡದಿರುವುದೊಂದೇ ದಾರಿ. ಹಸಿ ತಿನ್ನುವುದಾದರೆ ಹುಳಗಳ ಭಯ ಬೇರೆ. ಅದಕ್ಕೆ ಮೀನನ್ನು ಮೊದಲೇ ಹೆಪ್ಪುಗಟ್ಟಿಸಬೇಕು. ಅಮೆರಿಕದ ಆಹಾರ ಇಲಾಖೆಯ ಮಾರ್ಗಸೂಚಿ ಮೈನಸ್ 20 ಡಿಗ್ರಿಯಲ್ಲಿ 7 ದಿನ ಎನ್ನುತ್ತದೆ, ದೊಡ್ಡ ಜಾತಿಯ ಕೆಲವು ಟ್ಯೂನಾಗಳಿಗೆ ಮಾತ್ರ ರಿಯಾಯಿತಿ. ದೂರ ಸಮುದ್ರದ ಜಪಾನಿ ಹಡಗುಗಳಲ್ಲಿ ಮೈನಸ್ 60ರ ತಣ್ಣನೆಯ ಕೋಣೆಗಳೇ ಇರುತ್ತವೆ. ನಮ್ಮ ಫ್ರಿಜ್ಜಿನ ಮೇಲಂತಸ್ತಿನಲ್ಲಿ ಐಸ್‌ಕ್ರೀಮ್ ಚಮಚಕ್ಕೆ ನಿಂತರೆ ಅದೇ ಹಬ್ಬ.

ಹಾಗಾಗಿ ದಕ್ಕೆಯಲ್ಲಿ ಮಾನ ಉಳಿಸಿಕೊಳ್ಳಲು ಅರ್ಧ ಕಿಲೋ ಬಂಗುಡೆ ಕೊಂಡು, ಹೆಪ್ಪುಗಟ್ಟಿಸಿದ ಮೀನು ಮಾರುವ ಅಂಗಡಿಗೆ ಹೋದೆ. ಹಸಿಯಾಗಿಯೂ ತಿನ್ನಬಹುದೆಂದು ಬರೆದಿದ್ದ, ಗಾಳಿ ತೆಗೆದು ಮುಚ್ಚಿದ ಹಳದಿ ರೆಕ್ಕೆಯ ಟ್ಯೂನಾದ ಒಂದು ದಪ್ಪ ತುಂಡು ಸಿಕ್ಕಿತು. ಬಣ್ಣಕ್ಕೆ ಮರುಳಾಗಬಾರದೆಂದು ಮೊದಲೇ ಓದಿಕೊಂಡಿದ್ದೆ. ಕೆಲವರು ಕಾರ್ಬನ್ ಮೊನಾಕ್ಸೈಡ್ ಹಾಯಿಸಿ ಮೀನಿಗೆ ಮಾಸದ ಕೆಂಪು ಬರಿಸುತ್ತಾರೆ. ಹಳತಾದರೂ ಅದು ಮದುಮಗಳ ಕೆನ್ನೆಯಲ್ಲೇ ಇರುತ್ತದೆ. ಆದ್ದರಿಂದ ಹೆಪ್ಪುಗಟ್ಟಿಸಿದ ದಿನಾಂಕ ನೋಡಿದೆ, ಅಂಚಿನಲ್ಲಿ ಕಂದು ತಿರುಗಿದೆಯೇ ನೋಡಿದೆ, ಅಂಗಡಿಯ ಹುಡುಗನಿಗೆ ಸಾಕಾಗುವಷ್ಟು ಪ್ರಶ್ನೆ ಕೇಳಿದೆ. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಪತ್ರಿಕೆ ಓದುತ್ತಾಳೆ.

ಮನೆಯಲ್ಲಿ ಅಮ್ಮ ಪೊಟ್ಟಣವನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಓದಿದರು. ಹೊಸ ಕಣ್ಣು. ಸಣ್ಣ ಅಕ್ಷರವೂ ತಪ್ಪಿಸಿಕೊಳ್ಳುವುದಿಲ್ಲ.

"ಜಪಾನ್ ಅಂದೆಯಲ್ಲ ಮಗಾ? ಇದರಲ್ಲಿ ಕೊಚ್ಚಿ, ಕೇರಳ ಅಂತ ಉಂಟು."

ಮೀನು ಈ ಕೊಚ್ಚಿಯದ್ದು, ವಿಧಾನ ಆ ಕೊಚ್ಚಿಯದ್ದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರು ತೀರ್ಪು ಬರೆದು ಮುಗಿಸಿದ್ದರು. ಆ ದಿನದಿಂದ ನಮ್ಮಲ್ಲಿ ಇದರ ಹೆಸರು ಕೊಚ್ಚಿ ಮೀನು.

ಆಗ ಸಂವಿಧಾನದ ತೊಡಕೊಂದು ಎದ್ದಿತು. ಇಂಥ ತುಂಡನ್ನು ಅವಸರದಲ್ಲಿ ಬಿಸಿನೀರಿಗೆ ಹಾಕಿ ಕರಗಿಸುವಂತಿಲ್ಲ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ರಾತ್ರಿಯಿಡೀ ಮೆಲ್ಲಗೆ ಕರಗಬೇಕು. ಭಾನುವಾರ ರಾತ್ರಿ ಕರಗಲಿಟ್ಟರೆ ಬೆಳಗಾಗುವುದು ಸೋಮವಾರ. ಸೋಮವಾರ ಮೀನಿಲ್ಲ! ಟೋಕಿಯೊದ ಹರಾಜಿನವರಿಗೂ ಬಾರದ ಸಮಸ್ಯೆ. ಮೀನು ಇನ್ನೊಂದು ದಿನ ಮಂಜಿನಲ್ಲೇ ಉಳಿದು, ಸೋಮವಾರ ರಾತ್ರಿ ಕೆಳಗಿಳಿಯಿತು. ಅದು ಇಳಿದ ಅರೆಯಿಂದ ಹಾಲು, ಮೊಸರು, ಪ್ರಸಾದದ ಪಂಚಕಜ್ಜಾಯ ಎಲ್ಲವನ್ನೂ ಹೆಂಡತಿ ಮೇಲಕ್ಕೆ ಸ್ಥಳಾಂತರಿಸಿದಳು.

ಮಂಗಳವಾರ ಮಸಾಲೆಯ ಕಾರ್ಯಕ್ರಮ. ಕೊತ್ತಂಬರಿ ಬೀಜ ಜಾಸ್ತಿ, ಕಾಳುಮೆಣಸು ಅದರ ಅರ್ಧ, ಸ್ವಲ್ಪ ಸೋಂಪು, ಬಿಳಿ ಎಳ್ಳು, ಕಪ್ಪೆಳ್ಳು, ಉಪ್ಪು. ಇಷ್ಟೇ. ಹುಡಿ ಮಾಡಬಾರದು, ಕುಟ್ಟಾಣಿಯಲ್ಲಿ ತರಿತರಿಯಾಗಿ ಒಡೆಯಬೇಕು. ಎಳ್ಳನ್ನು ಕುಟ್ಟಲೂ ಬಾರದು. ನಮ್ಮ ಊರಿನಲ್ಲಿ ಮಸಾಲೆ ಎಂದರೆ ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ಬ್ಯಾಡಗಿ ಮೆಣಸಿನ ಕೆಂಪು ಕೈಗೆ ಎರಡು ದಿನ ಅಂಟಿರಬೇಕು. ಈ ಒಣ ತರಿಯನ್ನು ನೋಡಿ ಅಮ್ಮನಿಗೆ ಮರುಕ ಬಂತು.

"ಬ್ಯಾಡಗಿ ಇಲ್ಲದ ಮಸಾಲೆ ಎಂತ ಮಸಾಲೆ? ಕಷಾಯದ ಹುಡಿಯ ಹಾಗೆ ಉಂಟು."

ಮೆಣಸಿನ ಹುಡಿ ಅಷ್ಟು ಬಿಸಿಗೆ ಮೀನು ಮುಟ್ಟುವ ಮೊದಲೇ ಸುಟ್ಟು ಕಹಿಯಾಗುತ್ತದೆ, ಬೆಳ್ಳುಳ್ಳಿಯೂ ಹಾಗೆಯೇ. ಇಡೀ ಬೀಜದ ಚೂರುಗಳಾದರೆ ತಡೆದುಕೊಳ್ಳುತ್ತವೆ ಎಂದೆ. ಅಷ್ಟರಲ್ಲಿ ಅವರ ಕಣ್ಣು ಇನ್ನೊಂದರ ಮೇಲೆ ಬಿದ್ದಿತ್ತು.

"ಕಪ್ಪೆಳ್ಳು ಯಾಕೆ? ಇವತ್ತು ಯಾರ ತಿಥಿ?"

"ಇನ್ನೂ ಯಾರದ್ದೂ ಅಲ್ಲ ಅತ್ತೆ" ಎಂದಳು ಹೆಂಡತಿ. "ಊಟ ಆಗಲಿ, ನೋಡುವ."

ಕಾಳುಮೆಣಸು ಕುಟ್ಟುವಾಗ ನನಗೆ ಇತಿಹಾಸ ನೆನಪಾಗದೆ ಇರುವುದಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು, ಅಂಥ ಮೆಣಸು ಇದು ಎಂದೆ. "ರಾಣಿ ಮಾರಿದ್ದು ಮಾರಾಯ್ರೆ, ಕುಟ್ಟಿದ್ದಲ್ಲ. ನೀವು ಮಾತು ನಿಲ್ಲಿಸಿ ಕುಟ್ಟಿ" ಎಂಬ ಉತ್ತರ ಬಂತು.

ಸಾಸ್ ವಿಷಯದಲ್ಲಿ ನನಗೆ ನಿಜಕ್ಕೂ ಹೆಮ್ಮೆ ಉಂಟು. ಜಪಾನಿನವರು ಸೋಯಾ ಸಾಸ್‌ಗೆ ಹುಳಿಹಣ್ಣಿನ ರಸ ಸೇರಿಸಿ ಪೊನ್‌ಜು ಮಾಡುತ್ತಾರೆ. ಅವರ ಯುಜು ಹಣ್ಣು ನಮ್ಮಲ್ಲಿ ಇಲ್ಲ, ಪುನರ್ಪುಳಿ ಉಂಟಲ್ಲ! ಒಣ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿದೆ. ಆ ರಸಕ್ಕೆ ಬೆಲ್ಲ, ಜಜ್ಜಿದ ಶುಂಠಿ, ಸೀಳಿದ ಒಂದು ಹಸಿಮೆಣಸು ಹಾಕಿ ಅರ್ಧಕ್ಕೆ ಬತ್ತಿಸಿ, ಇಳಿಸಿದ ಮೇಲೆ ಎರಡು ಚಮಚ ಸೋಯಾ ಸಾಸ್. ಬಾಟಲಿ ಗೋಬಿ ಮಂಚೂರಿಯ ಕಾಲದಿಂದ ಮನೆಯಲ್ಲಿತ್ತು. ಹುಳಿ, ಸಿಹಿ, ಉಪ್ಪು, ಖಾರ ನಾಲ್ಕೂ ನಾಲಿಗೆಯ ಮೇಲೆ ಸರದಿಯಲ್ಲಿ ಬಂದು ಸಹಿ ಮಾಡಿ ಹೋದವು. ಬಣ್ಣವೋ, ಕಡು ನೇರಳೆ. ಅಮ್ಮ ಬೆರಳು ಅದ್ದಿ ನೋಡಿದರು.

"ಪುನರ್ಪುಳಿ ಸಾರು. ನೀರು ಕಡಿಮೆ ಹಾಕಿದ್ದೀ."

ಇನ್ನು ಕಾವಲಿಯ ಪ್ರಶ್ನೆ. ಈ ಅಡುಗೆಯ ಜೀವ ಇರುವುದೇ ಕಾವಲಿಯಲ್ಲಿ, ನಮ್ಮ ಸಂಸಾರದ ಜೀವವೂ ಅಲ್ಲೇ. ನಾನ್‌ಸ್ಟಿಕ್ ಪಾತ್ರೆ ಇಂಥ ಕೆಲಸಕ್ಕೆ ಆಗದು. 260 ಡಿಗ್ರಿ ದಾಟಿದರೆ ಅದರ ಲೇಪವೇ ಕೆಟ್ಟು ಹೊಗೆ ಬಿಡಲು ಶುರುಮಾಡುತ್ತದೆ. ಬೇಕಾದದ್ದು ಭಾರದ ಕಬ್ಬಿಣ, ತಣ್ಣನೆಯ ಮೀನು ಬಿದ್ದರೂ ಬಿಸಿ ಬಿಟ್ಟುಕೊಡದ ಕಬ್ಬಿಣ. ನಮ್ಮಲ್ಲಿ ಕಬ್ಬಿಣದ ಕಾವಲಿ ಎರಡು ಉಂಟು. ಒಂದು ಮೀನು ಕಾಯಿಸುವುದು. ಎಷ್ಟೋ ವರ್ಷದ ಕಾವಿಗೆ ಅದರ ನಡು ಉಬ್ಬಿ, ಇಟ್ಟ ತುಂಡು ಯಾವ ಕಡೆಗೂ ವಾಲುತ್ತದೆ. ಇನ್ನೊಂದು ನೀರುದೋಸೆಯ ಕಾವಲಿ. ಹೆಂಡತಿಯ ತವರಿನಿಂದ ಬಂದದ್ದು. ದಪ್ಪ, ಸಪಾಟು, ಕನ್ನಡಿಯಷ್ಟು ನಯ. ದೋಸೆ ಅದರ ಮೇಲಿಂದ ಕರೆಯದೆಯೇ ಎದ್ದು ಬರುತ್ತದೆ. ಅದಕ್ಕೆ ನೀರುಳ್ಳಿಯ ಹೋಳು, ತೆಂಗಿನೆಣ್ಣೆ ಬಿಟ್ಟರೆ ಬೇರೇನೂ ಸೋಕಿಲ್ಲ. ಸಾಬೂನು ಸೋಕಿಲ್ಲ. ನಾನೂ ಸೋಕಿಲ್ಲ.

"ಆ ಕಾವಲಿ ಮುಟ್ಟಿದ್ರೆ ಮತ್ತೆ ಗೊತ್ತುಂಟಲ್ಲ" ಎಂದಿದ್ದಳು. ಗೊತ್ತಿತ್ತು. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದ ಅವಧಿಯಲ್ಲಿ ಸದರಿ ಕಾವಲಿಯು ಒಲೆಯ ಮೇಲೆ ಇರಿಸಲ್ಪಟ್ಟಿರುವುದು ಕಂಡುಬಂದಿದೆ ಎಂದಷ್ಟೇ ಹೇಳಬಲ್ಲೆ. ಇಂಥ ವಾಕ್ಯಗಳನ್ನು ನಾನು ಸೇವಾವಧಿಯಲ್ಲಿ ಧಾರಾಳ ಬರೆದಿದ್ದೇನೆ. ಯಾರು ಇರಿಸಿದರೆಂದು ಯಾವ ತನಿಖೆಯಲ್ಲೂ ಗೊತ್ತಾಗುವುದಿಲ್ಲ.

ಮೀನಿನ ತೇವವನ್ನು ಪೂರ್ತಿ ಒರೆಸಬೇಕು. ನೀರಿನ ಪಸೆ ಇದ್ದರೆ ಅದು ಹಬೆಯಲ್ಲಿ ಬೇಯುತ್ತದೆ, ಕೆಂಪಗೆ ಹುರಿಯುವುದಿಲ್ಲ. ಆ ಹುರಿದ ರುಚಿ ಹುಟ್ಟುವ ಬಗೆಯನ್ನು 1912ರಲ್ಲಿ ಲೂಯಿ ಕಮೀಲ್ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ್ದ. ವಿಜ್ಞಾನದ ಮೇಲಿನ ಗೌರವದಿಂದ ನಾನು ಕೈಗೆ ಸಿಕ್ಕ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿದೆ. ಅದು ಓಣಂ ಉಡುಗೊರೆಯಾಗಿ ಬಂದ ಹೊಸ ಕಸೂತಿ ಟವಲ್ ಎಂದು ಆಮೇಲೆ ತಿಳಿಯಿತು. ಮಸಾಲೆಯನ್ನು ಎಲ್ಲ ಬದಿಗೂ ಒತ್ತಿದೆ. ಎಣ್ಣೆ ಶೇಂಗಾದ್ದು, ತೆಂಗಿನೆಣ್ಣೆ ಇಷ್ಟು ಕಾವಿಗೆ ಬೇಗ ಹೊಗೆಯಾಡುತ್ತದೆ. ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿ ಆವಿಯಾಗದೆ ಗೋಲಿಯಾಗಿ ಉರುಳಾಡಿತು. ಅದೇ ಮುಹೂರ್ತ. ಮೊಬೈಲಿನಲ್ಲಿ 45 ಸೆಕೆಂಡಿನ ಗಂಟೆ ಇಟ್ಟು ಮೀನು ಇಳಿಸಿದೆ.

ಚೊಂಯ್ ಎಂಬ ಸದ್ದಿನ ಜೊತೆಗೇ ಮಗಳ ವೀಡಿಯೊ ಕರೆ.

"ಅಪ್ಪಾ, ಆಯ್ತಾ? ಫೋನ್ ಸ್ವಲ್ಪ ಎತ್ತಿ ಹಿಡೀರಿ, ಏನೂ ಕಾಣ್ತಾ ಇಲ್ಲ. ಬರೀ ಹೊಗೆ."

ಹೊಗೆ ಅವಳ ಫೋನಿನ ದೋಷವಾಗಿರಲಿಲ್ಲ. ಕಾಳುಮೆಣಸು ಸುಡುವ ಘಾಟು ಅಡುಗೆಮನೆ ತುಂಬಿ, ಹಜಾರ ದಾಟಿ, ಮೆಟ್ಟಿಲು ಹತ್ತಿ ಮೇಲಿನ ಮಹಡಿಯವರ ವಿಚಾರಣೆಗೆ ಹೋಯಿತು. ಮೇಲಿನವರು ಕೆಮ್ಮಿದರು. ಎದುರು ಮನೆಯ ಮೇಷ್ಟ್ರು ಕೆಮ್ಮಿದರು. ಮೀಟರ್ ನೋಡಲು ಬಂದ ಹುಡುಗ ಕೆಮ್ಮುತ್ತಲೇ ಇಳಿದು ಹೋದ. ಅಮ್ಮ ಒಬ್ಬರೇ ಪ್ರಸನ್ನರಾಗಿದ್ದರು. ದೃಷ್ಟಿ ತೆಗೆದು ಮೆಣಸು ಸುಟ್ಟಾಗ ಘಾಟು ಬಾರದಿದ್ದರೆ ದೃಷ್ಟಿ ಆಗಿದೆ ಎಂದು ಲೆಕ್ಕ. ಇಡೀ ಕಟ್ಟಡ ಕೆಮ್ಮಿದ್ದರಿಂದ ನಮ್ಮ ಮನೆಗೆ ಯಾರ ದೃಷ್ಟಿಯೂ ಆಗಿಲ್ಲ ಎಂಬುದು ರುಜುವಾತಾಯಿತು. ನಮ್ಮಲ್ಲಿ ದೃಷ್ಟಿ ಹಾಕುವಂಥದ್ದು ಏನುಂಟು ಎಂದು ಮೇಷ್ಟ್ರು ಕಿಟಕಿಯಿಂದಲೇ ಕೇಳಿದರಂತೆ.

ಇಷ್ಟರಲ್ಲಿ ಗಂಟೆ ಬಾರಿಸಿತೋ ಇಲ್ಲವೋ. ಮಗಳ ಮುಖ ಪರದೆಯ ತುಂಬ ಇತ್ತು, ಗಂಟೆ ಅವಳ ಹಿಂದೆಲ್ಲೋ ಇತ್ತು. "ಎಷ್ಟಾಯಿತು?" ಎಂದು ಕೂಗಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಶಾಂತವಾಗಿ, "ಅನುಮಾನ ಇದ್ರೆ ಇನ್ನೂ ಐದು ನಿಮಿಷ" ಎಂದರು. ಗಾಬರಿಯಲ್ಲಿ ತಿರುಗಿಸಿದೆ. ಎರಡನೆಯ ಬದಿಗೆ ಮುಕ್ಕಾಲು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟರಲ್ಲಿ ತಾರಸಿಯ ಮೆಟ್ಟಿಲಲ್ಲಿ ಬಕೆಟ್ ಸದ್ದು ಕೇಳಿಸಿತು. ಮೀನನ್ನು ಹಲಗೆಗೆ ಜಾರಿಸಿ, ಕಾವಲಿಯ ಮೇಲೊಂದು ದೊಡ್ಡ ಮುಚ್ಚಳ ಮುಚ್ಚಿ, ಮುಖದಲ್ಲಿ ನಿರಪರಾಧವನ್ನು ತಂದುಕೊಂಡೆ.

ಅವಳು ಏನೂ ಹೇಳಲಿಲ್ಲ. ಮುಚ್ಚಳ ಎತ್ತಿದಳು, ನೋಡಿದಳು, ಮುಚ್ಚಿದಳು.

ಎಳೆಗೆ ಅಡ್ಡವಾಗಿ ಬೆರಳು ದಪ್ಪಕ್ಕೆ ಕೊಯ್ದೆ. ಒಂದು ಬದಿಯಲ್ಲಿ ಬೂದು ಬಣ್ಣ ಅರ್ಧದವರೆಗೂ ಹತ್ತಿತ್ತು, ಇನ್ನೊಂದು ಬದಿಯಲ್ಲಿ ಗೆರೆ ಎಳೆದಷ್ಟೇ, ನಡುವೆ ಹೊಳೆಯುವ ಕೆಂಪು. ಅಂಚಿನ ಸುತ್ತ ಎಳ್ಳು, ಕೊತ್ತಂಬರಿಯ ಕಪ್ಪು. ನಿಜ ಹೇಳಬೇಕೆಂದರೆ ಚಂದ ಕಾಣುತ್ತಿತ್ತು. ನೇರಳೆ ಸಾಸ್ ಸುರಿದು, ಕುಚ್ಚಲಕ್ಕಿ ಗಂಜಿಯ ಬಟ್ಟಲುಗಳ ನಡುವೆ ತಟ್ಟೆ ಇಟ್ಟೆ. ಹೆಂಡತಿ ಮುನ್ನೆಚ್ಚರಿಕೆಯಾಗಿ ಬಂಗುಡೆ ಪುಳಿಮುಂಚಿಯನ್ನೂ ಬಿಸಿ ಮಾಡಿಟ್ಟಿದ್ದಳು.

ಅಮ್ಮ ಒಂದು ಹೋಳನ್ನು ಬೆಳಕಿಗೆ ಹಿಡಿದರು. "ಇದು ಬೆಂದಿಲ್ಲ."

"ಹೊರಗೆ ನೋಡಿ ಅಮ್ಮ, ಪೂರ್ತಿ ಸುಟ್ಟಿದೆ."

"ಹೊರಗೆ ನೋಡಿಯೇ ನಮ್ಮ ಅಪ್ಪ ಮೋಸ ಹೋದದ್ದು" ಎಂದಳು ಹೆಂಡತಿ. ಕಾವಲಿಯ ಲೆಕ್ಕದಲ್ಲಿ ಅದು ಮೊದಲ ಕಂತು.

ಮಾಡಿದವನೇ ಮೊದಲು ತಿನ್ನಬೇಕೆಂದು ಸಭೆ ತೀರ್ಮಾನಿಸಿತು. ತಜ್ಞರು ಯಾವಾಗಲೂ ಅಂಚಿನಿಂದ ಶುರುಮಾಡುತ್ತಾರೆ. ನಾನು ಚೆನ್ನಾಗಿ ಬೂದಾಗಿದ್ದ ಕೊನೆಯ ಹೋಳು ತಿಂದು, ಮಸಾಲೆಯ ಗರಿಮುರಿಯ ಬಗ್ಗೆ ಎರಡು ಮಾತಾಡಿದೆ. ಆಮೇಲೆ ಆ ಕಡೆಯ ಕೊನೆಯ ಹೋಳು. ಆಮೇಲೆ ಕೆಂಪು ಹೋಳೊಂದನ್ನು ಎತ್ತಿ, ಸಾಸ್‌ನಲ್ಲಿ ಹೊರಳಿಸಿ, ಸಾಸ್ ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ ಎಂದು ಎಲ್ಲರಿಗೂ ತೋರಿಸಿ, ಮತ್ತೆ ತಟ್ಟೆಯ ಅಂಚಿಗೆ ಇಟ್ಟೆ.

"ಅಪ್ಪಾ, ಮಧ್ಯದ್ದು ತಿನ್ನಿ" ಎಂದಳು ಮಗಳು. ಕರೆ ಇನ್ನೂ ಕಡಿದಿರಲಿಲ್ಲ. ಮಂಗಳೂರಿನಲ್ಲಿ ನೆಟ್‌ವರ್ಕ್ ಬೇಕಾದಾಗ ಮಾತ್ರ ಹೋಗುತ್ತದೆ.

"ತಿಂತೇನೆ. ಅದಕ್ಕೆ ಸ್ವಲ್ಪ ವಿಶ್ರಾಂತಿ ಬೇಕು."

"ಯಾರಿಗೆ, ನಿಮಗಾ ಮೀನಿಗಾ?"

ಗಂಟಲಿನ ಹತ್ತಿರ ಏನೋ ಒಂದು ಹಳೆಯ ಸಂವಿಧಾನ ಅಡ್ಡ ನಿಂತಿತ್ತು. ಹಸಿ ಮೀನನ್ನು ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು ತಿನ್ನಬಾರದೆಂದು ವೈದ್ಯರ ಸಲಹೆಯೇ ಉಂಟು. ಅಮ್ಮನಿಗೆಂದು ಕಾದಿಟ್ಟಿದ್ದ ಆ ಸಲಹೆಯನ್ನು ನನಗೇ ಅನ್ವಯಿಸಿಕೊಳ್ಳಬಹುದೇ, ಅರುವತ್ತು ದಾಟಿದ ಮೇಲೆ ಯಾವ ವರ್ಗಕ್ಕೆ ಸೇರುತ್ತೇನೆ ಎಂದು ಯೋಚಿಸುತ್ತಿದ್ದಾಗ, ಅಮ್ಮ ಕೆಂಪು ಹೋಳೊಂದನ್ನು ಗಂಜಿಗೆ ನೆಂಚಿಕೊಂಡು ಬಾಯಿಗಿಟ್ಟರು.

ಫೋನಿನಲ್ಲಿದ್ದ ಮಗಳು ಸೇರಿ ಎಲ್ಲರೂ ಸುಮ್ಮನಾದೆವು. ಅಮ್ಮ ನಿಧಾನವಾಗಿ ಅಗಿದರು. ಅಗಿಯುವುದು ಹೆಚ್ಚೇನೂ ಇರಲಿಲ್ಲ.

"ಉಪ್ಪು ಕಡಿಮೆ" ಎಂದು ಇನ್ನೊಂದು ತೆಗೆದರು. "ಇದು ಮೆತ್ತಗೆ ಉಂಟು. ಹಲ್ಲುಸೆಟ್ಟಿಗೆ ಎಂತ ಕಷ್ಟ ಇಲ್ಲ. ನೀವು ಮಾಡುವ ಅಂಜಲ್ ಕಡಿದು ಕಡಿದು ನನ್ನ ದವಡೆ ಬಿದ್ದು ಹೋಯ್ತು. ಇಷ್ಟು ವರ್ಷ ಇದನ್ನು ಯಾಕೆ ಮಾಡ್ಲಿಲ್ಲ?"

ಅಂಜಲ್ ಯಾರ ಆಜ್ಞೆಯಂತೆ ಅಷ್ಟು ಗಟ್ಟಿಯಾಗುತ್ತಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ವೈದ್ಯರ ಸಲಹೆಯನ್ನು ಈಗ ಓದಿ ಹೇಳಿದೆ. "ವಯಸ್ಸಾದವರಿಗೆ ಅಲ್ಲವಾ?" ಎಂದು ಅವರು ಮತ್ತೊಂದು ಹೋಳು ತೆಗೆದರು. ಹೆಂಡತಿ ಕೆಂಪು ಭಾಗವನ್ನು ಬಿಟ್ಟು ಅಂಚಿನ ಮಸಾಲೆಯನ್ನಷ್ಟೇ ಬಿಡಿಸಿಕೊಂಡು ತಿಂದಳು. ನನ್ನ ಹೋಳು ವಿಶ್ರಾಂತಿಯಲ್ಲೇ ಇತ್ತು. ಬೇಡ ಅಂತಾದ್ರೆ ಕೊಡು ಎಂದು ಅಮ್ಮ ಅದನ್ನೂ ಮುಗಿಸಿದರು. ನಾನು ಪುಳಿಮುಂಚಿ ಹಾಕಿಕೊಂಡು ಗಂಜಿ ಉಂಡೆ. ಈಗ ಅಮ್ಮ ಹೋದವರು ಬಂದವರಿಗೆಲ್ಲ ಕೊಚ್ಚಿ ಮೀನಿನ ವಿಧಾನ ಹೇಳುತ್ತಾರೆ. ಅವರ ಪಾಠದಲ್ಲಿ ಬ್ಯಾಡಗಿ ಉಂಟು, ಜಪಾನ್ ಇಲ್ಲ.

ಕಾವಲಿಯ ಪ್ರಕರಣ ಮರುದಿನ ಬೆಳಿಗ್ಗೆ ವಿಚಾರಣೆಗೆ ಬಂತು. ಶಿಕ್ಷೆ: ಉಪ್ಪು ಹಾಕಿ ತಿಕ್ಕಬೇಕು, ಒಣಗಿಸಬೇಕು, ನೀರುಳ್ಳಿಯ ಹೋಳಿಗೆ ಎಣ್ಣೆ ಅದ್ದಿ ಸಣ್ಣ ಉರಿಯಲ್ಲಿ ಸವರಬೇಕು, ಆರಿಸಬೇಕು, ಮತ್ತೆ ಸವರಬೇಕು; ದೋಸೆ ತಾನಾಗಿ ಎದ್ದು ಬರುವವರೆಗೆ ಹೊಯ್ದದ್ದೆಲ್ಲ ಅಪರಾಧಿಯೇ ತಿನ್ನಬೇಕು. ಮೊದಲ ದೋಸೆ ಹರಿದು ಚಿಂದಿಯಾಯಿತು. ಎರಡನೆಯದಕ್ಕೆ ಕಾಳುಮೆಣಸಿನ ತರಿ ಹತ್ತಿ ಬಂತು. ಆಮೇಲಿನದ್ದು ಕಾವಲಿಗೆ ಅಂಟಿ, ಸಟ್ಟುಗಕ್ಕೆ ತುಂಡುತುಂಡಾಗಿ ಸಿಕ್ಕಿತು, ಕೇದರಿನ ವಾಸನೆಯ ಜೊತೆಗೆ. ಎಲ್ಲವೂ ನನ್ನ ತಟ್ಟೆಗೆ ಬಿದ್ದವು. ನೆಂಚಿಕೊಳ್ಳಲು ಚಟ್ನಿ ಕೊಡುವ ಲಕ್ಷಣ ಕಾಣಲಿಲ್ಲ, ಉಳಿದ ಸಾಸ್ ಫ್ರಿಜ್ಜಿನಲ್ಲಿತ್ತು, ಎದ್ದು ತಂದುಕೊಂಡೆ. ನೀರುದೋಸೆಗೆ ಅದು ಬಹಳ ಒಳ್ಳೆಯದು. ಬೆಲ್ಲ ಒಂದು ಚೂರು ಹೆಚ್ಚಿದ್ದರೂ ಅಡ್ಡಿಯಿಲ್ಲ.